‘ನಿಮ್ಮ ಗುಲಾಮ’ ಎಂಬ ಮಾತು: ಬಿಷಪ್ ಹೀಬರನ ದಿನಚರಿ ಓದುತ್ತಾ

ಕೋಲ್ಕತ್ತದ ಸೇಂಟ್ ಪಾಲ್ಸ್ ಕೆಥೆಡ್ರಲ್‌ನಲ್ಲಿ ಬಿಷಪ್ ರೆಜಿನಾಲ್ಡ್ ಹೀಬರನ ಪ್ರತಿಮೆಯಿದೆ. ಅದನ್ನು ನೋಡಿ ಬಂದ ಮೇಲೆ ಅವನ ದಿನಚರಿ ಓದಲು ಹಿಡಿದೆ. ಇಂಗ್ಲೆಂಡಿನ ಹಾಡ್ನೆಟ್ ಎಂಬ ಹಳ್ಳಿಯಲ್ಲಿ ಹದಿನೈದು ವರ್ಷಕ್ಕೂ ಮೇಲೆ ಪಾದ್ರಿಯಾಗಿದ್ದವನು 1823ರಲ್ಲಿ ಇಲ್ಲಿಗೆ ಬಿಷಪ್ಪನಾಗಿ ಬಂದ. 1826ರಲ್ಲಿ ತಿರುಚಿನಾಪಳ್ಳಿಯಲ್ಲಿ ತೀರಿಕೊಂಡ. ಅವನ ದಿನಚರಿ, ಪತ್ರಗಳನ್ನು ಒಟ್ಟುಗೂಡಿಸಿ 1828ರಲ್ಲಿ ಪುಸ್ತಕವಾಗಿ ತಂದವಳು ಹೆಂಡತಿ ಅಮೀಲಿಯಾ.

1819ರಲ್ಲಿ, ಇಂಡಿಯಾ ನೋಡುವ ಮೊದಲೇ, ಹೀಬರ್ ಒಂದು ಮಿಷನರಿ ಗೀತೆ ಬರೆದಿದ್ದ. ಅದರ ಸಾಲುಗಳು ತಮ್ಮನ್ನು ಚುಚ್ಚಿದವೆಂದು ಗಾಂಧೀಜಿ 1925ರಲ್ಲಿ ಇದೇ ಊರಿನಲ್ಲಿ ಮಿಷನರಿಗಳೆದುರೇ ಹೇಳಿದರು. ದಿನಚರಿಯ ಹೀಬರ್ ಆ ಗೀತೆಯವನಲ್ಲ. ಇಲ್ಲಿನವರ ಕಂದು ಮೈಬಣ್ಣವೇ ಕಣ್ಣಿಗೆ ಹೆಚ್ಚು ಹಿತ ಎನ್ನುತ್ತಾನೆ. ಹೆಂಡತಿಯನ್ನು ಬಿಟ್ಟು ತಿಂಗಳುಗಟ್ಟಲೆ ತಿರುಗಿದವನ ಬರವಣಿಗೆಯಲ್ಲಿ ಸರ್ಕಾರಿ ವರದಿಯ ಬಿಗುವಿಲ್ಲ. ಪುಸ್ತಕ ನನಗೆ ಹಿಡಿಸಿದ್ದು ಇದಕ್ಕೇ.

ಆದರೆ ಕಲ್ಕತ್ತೆಯ ಭಾಗದಲ್ಲಿ ಒಂದು ಕಡೆ ಮುಗ್ಗರಿಸಿದೆ. ಆಳುಕಾಳುಗಳು ಮಾತುಮಾತಿಗೂ ‘ನಾನು ನಿಮ್ಮ ಗುಲಾಮ’ ಎನ್ನುವುದನ್ನು ಹೀಬರ್ ಗಮನಿಸುತ್ತಾನೆ. ಬ್ರಿಟಿಷ್ ಪ್ರಾಂತಗಳಲ್ಲಿ ಕಾನೂನಿನ ಪ್ರಕಾರ ಗುಲಾಮಗಿರಿ ಇಲ್ಲ, ಹಿಂದೆ ಇದ್ದದ್ದರ ಗುರುತು ಈ ಮಾತಿನಲ್ಲಿ ಉಳಿದಿದೆ ಎಂದು ಬರೆದು ಮುಂದೆ ಹೋಗುತ್ತಾನೆ.

ಇದು ನಿಜವಲ್ಲ. ಹೊಳೆಯಲ್ಲಿ ದೋಣಿ ತುಂಬ ಮಕ್ಕಳನ್ನು ತಂದು ಕಲ್ಕತ್ತೆಯಲ್ಲಿ ಮಾರುತ್ತಾರೆ, ಗುಲಾಮ ಮಗುವಿಲ್ಲದ ಮನೆಯೇ ಇಲ್ಲಿ ಅಪರೂಪ ಎಂದು ನ್ಯಾಯಾಧೀಶ ವಿಲಿಯಂ ಜೋನ್ಸ್ 1785ರಲ್ಲೇ ಹೇಳಿದ್ದ. 1789ರ ನಿಷೇಧ ಗುಲಾಮರನ್ನು ಹಡಗಿನಲ್ಲಿ ಹೊರಗೆ ಸಾಗಿಸುವುದಕ್ಕೆ ಮಾತ್ರ. ಒಳಗೆ ಕಂಪನಿಯ ನ್ಯಾಯಾಲಯಗಳೇ ಹಿಂದೂ, ಮುಸ್ಲಿಂ ಕಾನೂನಿನ ಹೆಸರಿನಲ್ಲಿ ಗುಲಾಮಗಿರಿಯನ್ನು ಮಾನ್ಯ ಮಾಡುತ್ತಿದ್ದವು. 1833ರ ಬ್ರಿಟಿಷ್ ವಿಮೋಚನಾ ಕಾಯಿದೆ ಕೂಡ ಕಂಪನಿಯ ಪ್ರಾಂತಗಳನ್ನು ಹೊರಗಿಟ್ಟಿತು. ಇಲ್ಲಿ ಆ ಮಾನ್ಯತೆ ಹೋದದ್ದು 1843ರ ಐದನೇ ಕಾಯಿದೆಯಿಂದ.

ಹೀಬರ್ ಸುಳ್ಳುಗಾರನಲ್ಲ. ಮಾತನ್ನು ಸರಿಯಾಗಿಯೇ ಕೇಳಿಸಿಕೊಂಡ, ಆದರೆ ಅದು ಹಳೆಯ ಕಾಲದ್ದೆಂದು ಸಮಾಧಾನಪಟ್ಟುಕೊಂಡ. ಆ ಸಮಾಧಾನ ನನಗೆ ಗುರುತಿನದು.

ಮಂಡ್ಯದ ಕಡೆಯ ನಮ್ಮ ಮನೆಯಲ್ಲಿ ಒಬ್ಬ ಆಳಿದ್ದ. ನನ್ನಂಥ ಹುಡುಗನನ್ನೂ ‘ಬುದ್ಧೀ’ ಎಂದೇ ಕರೆಯುತ್ತಿದ್ದ. ಹಳಬರು ಹಾಗೇ ಮಾತಾಡುತ್ತಾರೆ ಅಂದುಕೊಂಡಿದ್ದೆ. ‘ನಮ್ಮಲ್ಲಿ ಜೀತ ಇರಲಿಲ್ಲ, ಅವನು ಮನೆಯವನ ಹಾಗೇ ಇದ್ದ’ ಎಂದು ಅಪ್ಪ ಈಗಲೂ ಹೇಳುತ್ತಾರೆ. ತಾತನ ಲೆಕ್ಕದ ಪುಸ್ತಕದಲ್ಲಿ ಬೇರೆಯೇ ಇದೆ: ಅವನ ಅಪ್ಪನಿಗೆ ಕೊಟ್ಟ ಸಾಲ, ಸಾಲಕ್ಕೆ ಬಿಟ್ಟ ಮಗ, ವರ್ಷಕ್ಕೆ ಇಷ್ಟು ಪಲ್ಲ ರಾಗಿ. ಜೀತಪದ್ಧತಿ ರದ್ದಾದ 1976ರ ನಂತರವೂ ಆ ಲೆಕ್ಕ ಮುಂದುವರಿದಿದೆ.

ಹೀಬರನ ಪುಸ್ತಕವನ್ನು ಓದಬೇಡಿ ಎನ್ನಲಾರೆ. ಒಳ್ಳೆಯ ಗದ್ಯ, ಒಳ್ಳೆಯ ಮನುಷ್ಯ. ಆದರೆ ಒಳ್ಳೆಯವರ ಮನೆಯ ಕಾಗದಪತ್ರಗಳನ್ನು ಮನೆಯವರೇ ಕಾಪಿಟ್ಟು ಪ್ರಕಟಿಸಿದಾಗ, ‘ನಿಮ್ಮ ಗುಲಾಮ’ ಎಂದವನ ಕಡೆಯ ಕಾಗದ ಅದರಲ್ಲಿರುವುದಿಲ್ಲ. ಪಕ್ಕದಲ್ಲಿ ಜೋನ್ಸನ ಮಾತನ್ನೂ 1843ರ ಕಾಯಿದೆಯನ್ನೂ ಇಟ್ಟುಕೊಂಡು ಓದಬೇಕು. ತಾತನ ಲೆಕ್ಕದ ಪುಸ್ತಕ ಈಗ ನನ್ನ ಹತ್ತಿರವಿದೆ. ಅದರಲ್ಲಿ ಸಾಲಕ್ಕೆ ಮೊತ್ತವಿದೆ, ರಾಗಿಗೆ ಅಳತೆಯಿದೆ. ಅವನಿಗೆ ‘ಆಳು’ ಎಂಬುದು ಬಿಟ್ಟರೆ ಬೇರೆ ಹೆಸರಿಲ್ಲ.