ಅಪರಾಧ ಗುಣಾಂಕ: ‘ಸೈಕೋ-ಪಾಸ್’ ನೋಡಿದವರು ಕೇಳದೆ ಬಿಟ್ಟ ಪ್ರಶ್ನೆ

ಜಪಾನಿನಲ್ಲಿ ತಯಾರಾಗುವ ಕಾರ್ಟೂನ್ ಧಾರಾವಾಹಿಗಳಿಗೆ ‘ಅನಿಮೆ’ ಎಂದು ಹೆಸರು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯ ಕಾಲೇಜು ವಿದ್ಯಾರ್ಥಿಗಳೂ ಈಗ ಅವನ್ನು ಮೊಬೈಲಿನಲ್ಲಿ ನೋಡುತ್ತಾರೆ, ನೋಡಿ ವಾದಿಸುತ್ತಾರೆ. ಅಂಥ ವಾದಗಳಲ್ಲಿ ಮತ್ತೆ ಮತ್ತೆ ಕೇಳಿಬಂದ ಒಂದು ಹೆಸರು ‘ಸೈಕೋ-ಪಾಸ್’. ವಿದ್ಯಾರ್ಥಿಗಳ ಒತ್ತಾಯಕ್ಕೆ ನಾನೂ ಅದನ್ನು ನೋಡಿದೆ. ಧಾರಾವಾಹಿ ಚೆನ್ನಾಗಿದೆ. ಆದರೆ ಅದರ ಬಗ್ಗೆ ನಾನು ಕೇಳಿದ ಅಭಿಪ್ರಾಯಗಳಲ್ಲಿ ಒಂದು ಕೊರತೆ ಇದೆ. ವಿಜ್ಞಾನ ಕಲಿಸುವವರು ಅದನ್ನು ಗಮನಿಸಬೇಕೆಂದು ಈ ಲೇಖನ.

ಮೊದಲು ಕಥೆಯನ್ನು ನೋಡೋಣ. ಪ್ರೊಡಕ್ಷನ್ ಐ.ಜಿ. ಸಂಸ್ಥೆ ತಯಾರಿಸಿದ ಇದರ ಮೊದಲ ಸರಣಿಯ 22 ಕಂತುಗಳು 2012ರ ಅಕ್ಟೋಬರಿನಿಂದ 2013ರ ಮಾರ್ಚ್‌ವರೆಗೆ ಪ್ರಸಾರವಾದವು. ನಿರ್ದೇಶಕರು ನಾವೊಯೊಶಿ ಶಿಯೊತಾನಿ, ಕಥೆ ಬರೆದವರು ಗೆನ್ ಉರೊಬುಚಿ. ಕಾಲ 2112ನೆಯ ಇಸವಿ. ಜಪಾನನ್ನು ‘ಸಿಬಿಲ್’ ಎಂಬ ಯಂತ್ರವ್ಯವಸ್ಥೆ ನಡೆಸುತ್ತಿದೆ. ಯಾರಿಗೆ ಯಾವ ಉದ್ಯೋಗ ತಕ್ಕದ್ದು ಎಂಬುದನ್ನೂ ಅದೇ ಹೇಳುತ್ತದೆ. ಬೀದಿಬೀದಿಯ ಶೋಧಕಗಳು ಜನರ ಮನಸ್ಸನ್ನು ಅಳೆದು ‘ಅಪರಾಧ ಗುಣಾಂಕ’ವೆಂಬ ಸಂಖ್ಯೆಯನ್ನು ಕೊಡುತ್ತವೆ. ಪೊಲೀಸರ ಕೈಯಲ್ಲಿರುವ ಡಾಮಿನೇಟರ್ ಎಂಬ ಬಂದೂಕಿಗೂ ಆ ಸಂಖ್ಯೆ ಗೊತ್ತು. ಅದು 100ಕ್ಕಿಂತ ಕಡಿಮೆ ಇದ್ದರೆ ಕುದುರೆ ಒತ್ತಿದರೂ ಬಂದೂಕು ಹಾರುವುದಿಲ್ಲ. 100 ದಾಟಿದರೆ ಪ್ರಜ್ಞೆ ತಪ್ಪಿಸುತ್ತದೆ. 300 ದಾಟಿದರೆ ಕೊಲ್ಲುತ್ತದೆ. ಅಪರಾಧ ನಡೆದಿರಬೇಕೆಂದೇನೂ ಇಲ್ಲ.

ಈಗ ನೋಡುಗರ ಅಭಿಪ್ರಾಯಗಳಿಗೆ ಬರೋಣ. ‘ಇದು ಹಾಲಿವುಡ್ಡಿನ ಮೈನಾರಿಟಿ ರಿಪೋರ್ಟ್ ಚಿತ್ರದ ನಕಲು’ ಎನ್ನುವವರಿದ್ದಾರೆ. ಇದು ಪೂರ್ತಿ ಸರಿಯಲ್ಲ. ಫಿಲಿಪ್ ಕೆ. ಡಿಕ್ ಅವರ 1956ರ ಕಥೆಯಲ್ಲೂ ಅದನ್ನು ಆಧರಿಸಿದ 2002ರ ಚಿತ್ರದಲ್ಲೂ ಮುಂದಾಗುವುದನ್ನು ಕಾಣಬಲ್ಲ ಮೂವರು ಇರುತ್ತಾರೆ; ಅದು ಜ್ಯೋತಿಷ್ಯಕ್ಕೆ ಹತ್ತಿರ. ಸಿಬಿಲ್ ಭವಿಷ್ಯ ನುಡಿಯುವುದಿಲ್ಲ, ಇವತ್ತಿನ ಮನಸ್ಸನ್ನು ಅಳೆಯುತ್ತೇನೆ ಎನ್ನುತ್ತದೆ. ಅಂದರೆ ಅದು ವಿಜ್ಞಾನದ ಹೆಸರಿನಲ್ಲಿ ಮಾತಾಡುತ್ತದೆ. ಆದ್ದರಿಂದ ನಾವು ಅದನ್ನು ವಿಜ್ಞಾನದ ಒರೆಗಲ್ಲಿಗೆ ಹಚ್ಚಬಹುದು.

ಎರಡನೆಯ ಅಭಿಪ್ರಾಯ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿತು. ‘ಸಿಬಿಲ್ ಇದ್ದರೆ ತಪ್ಪೇನು ಸರ್? ಅದು ಲಂಚ ಕೇಳುವುದಿಲ್ಲ, ಜಾತಿ ನೋಡುವುದಿಲ್ಲ’ ಎಂದು ಒಬ್ಬ ವಿದ್ಯಾರ್ಥಿ ಕೇಳಿದ. ಇದನ್ನು ಹುಡುಗುತನದ ಮಾತೆಂದು ತಳ್ಳಿಹಾಕುವಂತಿಲ್ಲ. 545 ಪೊಲೀಸ್ ಸಬ್ ಇನ್‌ಸ್ಪೆಕ್ಟರ್ ಹುದ್ದೆಗಳಿಗೆ 2021ರ ಅಕ್ಟೋಬರಿನಲ್ಲಿ ಪರೀಕ್ಷೆ ನಡೆದು, ಕಲಬುರಗಿಯ ಕೇಂದ್ರವೊಂದರ ಅಕ್ರಮ ಬಯಲಾಗಿ, 2022ರ ಏಪ್ರಿಲ್‌ನಲ್ಲಿ ಆ ಪರೀಕ್ಷೆಯೇ ರದ್ದಾಯಿತು. ನಿಯತ್ತಿನಿಂದ ಓದಿದವರ ಶ್ರಮವೂ ಅದರೊಂದಿಗೆ ಹೋಯಿತು. ಅದನ್ನು ಕಂಡ ಹುಡುಗನಿಗೆ ಯಾರ ಮುಲಾಜಿಗೂ ಬೀಳದ ಯಂತ್ರ ಬೇಕೆನ್ನಿಸಿದರೆ ಆಶ್ಚರ್ಯವಿಲ್ಲ. ಆದರೆ ಅದೇ ಪ್ರಕರಣವನ್ನು ಇನ್ನೊಮ್ಮೆ ನೋಡಿ. ಉತ್ತರ ಪತ್ರಿಕೆಗಳು ಓಎಂಆರ್ ಹಾಳೆಗಳಾಗಿದ್ದವು. ಅವುಗಳನ್ನು ಓದುವುದೂ ಯಂತ್ರವೇ. ಖಾಲಿ ಬಿಟ್ಟ ವೃತ್ತಗಳನ್ನು ಆಮೇಲೆ ತುಂಬಲಾಯಿತೆಂಬುದು ತನಿಖೆಯಲ್ಲಿ ಹೊರಬಂದ ಮುಖ್ಯ ಆರೋಪ. ಕಪ್ಪಾದ ವೃತ್ತಗಳನ್ನು ಯಂತ್ರ ತಪ್ಪಿಲ್ಲದೆ ಎಣಿಸುತ್ತದೆ. ಅವನ್ನು ಯಾರು, ಯಾವಾಗ ಕಪ್ಪು ಮಾಡಿದರು ಎಂಬುದು ಅದಕ್ಕೆ ತಿಳಿಯದು. ಎಣಿಕೆ ಸರಿಯಿದ್ದರೂ ಅಭ್ಯರ್ಥಿಯ ಅರ್ಹತೆಯನ್ನು ಅದು ಅಳೆದಿರಲಿಲ್ಲ.

ಇಲ್ಲಿಂದಲೇ ನನ್ನ ಪ್ರಶ್ನೆ ಹುಟ್ಟುತ್ತದೆ. ಸಿಬಿಲ್ ಕ್ರೂರವೇ, ದಯಾಳುವೇ ಎಂದು ಎಲ್ಲರೂ ಚರ್ಚಿಸುತ್ತಾರೆ. ಅದು ಅಳೆಯುವುದಾದರೂ ಏನನ್ನು ಎಂದು ಕೇಳಿದವರು ನನಗೆ ಸಿಗಲಿಲ್ಲ.

‘ಗುಣಾಂಕ’ ಎಂಬ ಪದ ಭೌತವಿಜ್ಞಾನದ ವಿದ್ಯಾರ್ಥಿಗೆ ಹೊಸದಲ್ಲ. ಘರ್ಷಣ ಗುಣಾಂಕವನ್ನೇ ತೆಗೆದುಕೊಳ್ಳಿ. ಮರದ ಹಲಗೆಯ ಮೇಲೆ ಮರದ ತುಂಡೊಂದನ್ನು ಇಟ್ಟು ಹಲಗೆಯ ಒಂದು ತುದಿಯನ್ನು ನಿಧಾನವಾಗಿ ಎತ್ತಿ. 22 ಡಿಗ್ರಿ ಕೋನದಲ್ಲಿ ತುಂಡು ಜಾರತೊಡಗಿದರೆ ಗುಣಾಂಕ ಟ್ಯಾನ್ 22, ಅಂದರೆ ಸುಮಾರು 0.4. ಅದೇ ಹಲಗೆಯನ್ನು ಸಮತಲವಾಗಿರಿಸಿ, ರಾಟೆಯ ಮೇಲಿಂದ ತೂಕ ಇಳಿಬಿಟ್ಟು ತುಂಡನ್ನು ಎಳೆದು ನೋಡಿದರೂ ದೋಷದ ಮಿತಿಯೊಳಗೆ ಅದೇ ಬೆಲೆ ಬರುತ್ತದೆ. ಕುಷ್ಟಗಿಯ ಪ್ರೌಢಶಾಲೆಯಲ್ಲಿ ಬಂದದ್ದನ್ನು ಟೋಕಿಯೋದ ಪ್ರಯೋಗಾಲಯ ಪರೀಕ್ಷಿಸಬಹುದು. ಸ್ಪಷ್ಟ ವ್ಯಾಖ್ಯೆ, ದೋಷದ ಅಂದಾಜು, ಸ್ವತಂತ್ರವಾದ ಇನ್ನೊಂದು ವಿಧಾನದಿಂದ ಪರಿಶೀಲನೆ: ಈ ಮೂರೂ ಇದ್ದಾಗ ಮಾತ್ರ ಒಂದು ಸಂಖ್ಯೆಯನ್ನು ನಾವು ಅಳತೆ ಎನ್ನುತ್ತೇವೆ. ಅಪರಾಧ ಗುಣಾಂಕಕ್ಕೆ ಇವುಗಳಲ್ಲಿ ಒಂದೂ ಇಲ್ಲ.

ಧಾರಾವಾಹಿ ಈ ಸತ್ಯವನ್ನು ಬಚ್ಚಿಟ್ಟಿಲ್ಲ. ಮೊದಲ ಕಂತಿನಲ್ಲೇ, ಅಪಹರಣಕ್ಕೊಳಗಾದ ಹೆಂಗಸೊಬ್ಬಳ ಗುಣಾಂಕ ಭಯ ಮತ್ತು ಆಘಾತದಿಂದ ಏರುತ್ತದೆ. ಅವಳನ್ನು ಕಾಪಾಡಲು ಬಂದವರ ಬಂದೂಕು ಅವಳ ಕಡೆಗೇ ತಿರುಗುತ್ತದೆ. ನಾಯಕಿ ಅಕಾನೆ ತ್ಸುನೆಮೊರಿ ತನ್ನ ಸಹೋದ್ಯೋಗಿಗೇ ಗುಂಡು ಹಾರಿಸಿ ತಡೆಯಬೇಕಾಗುತ್ತದೆ. ಸಂಕಟಕ್ಕೂ ದುಷ್ಟತನಕ್ಕೂ ವ್ಯತ್ಯಾಸ ತಿಳಿಯದ ಉಪಕರಣ ಅದು. ಮುಂದೆ ಒಂದು ಕಂತಿನಲ್ಲಿ, ಹತ್ತಿರದವರ ಸಂಖ್ಯೆಯನ್ನು ನಕಲು ಮಾಡುವ ಶಿರಸ್ತ್ರಾಣ ಧರಿಸಿದವನು ನಡುಬೀದಿಯಲ್ಲಿ ಹೆಂಗಸೊಬ್ಬಳನ್ನು ಹೊಡೆದು ಕೊಲ್ಲುತ್ತಾನೆ. ಸುತ್ತಲಿನ ಜನ ಸುಮ್ಮನೆ ನಿಂತು ನೋಡುತ್ತಾರೆ. ಯಂತ್ರ ಎಚ್ಚರಿಸದ ಕಾರಣ ಕಣ್ಣೆದುರಿನ ಕೊಲೆ ಅವರಿಗೆ ಕೊಲೆಯಾಗಿ ಕಾಣುವುದಿಲ್ಲ. ಇಡೀ ಸರಣಿಯ ಅತ್ಯುತ್ತಮ ದೃಶ್ಯ ಇದು. ‘ರಕ್ತಪಾತ ಹೆಚ್ಚಾಯಿತು’ ಎಂಬ ಆಕ್ಷೇಪ ಬೇರೆಡೆ ಸರಿಯಿರಬಹುದು, ಇಲ್ಲಿ ಸಲ್ಲದು.

ಮೂರನೆಯ ಅಭಿಪ್ರಾಯ: ‘ಇದೆಲ್ಲ ಕಲ್ಪನೆ.’ ಖಂಡಿತ ಅಲ್ಲ. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯಿದೆ ಹಲವು ಸಮುದಾಯಗಳಿಗೆ ಹುಟ್ಟಿನಿಂದಲೇ ಅಪರಾಧಿಗಳೆಂಬ ಹಣೆಪಟ್ಟಿ ಹಚ್ಚಿತು. ಅದು ರದ್ದಾದದ್ದು 1952ರಲ್ಲಿ. ಹುಬ್ಬಳ್ಳಿ, ಗದಗಗಳಲ್ಲಿ ಅಂಥ ಜನರನ್ನು ಕೂಡಿಹಾಕಿದ ಸೆಟ್ಲ್‌ಮೆಂಟುಗಳಿದ್ದವು. ಆಗ ಅಳೆಯುವ ಯಂತ್ರವೂ ಬೇಕಾಗಿರಲಿಲ್ಲ, ಹೆಸರು ಸಾಕಾಗಿತ್ತು.

ಯಂತ್ರದ ಕಥೆಯೂ ನಮ್ಮಲ್ಲಿ ನಡೆದಿದೆ. 2000ದ ದಶಕದಲ್ಲಿ ಬೆಂಗಳೂರಿನ ವಿಧಿವಿಜ್ಞಾನ ಪ್ರಯೋಗಾಲಯ ಮಂಪರು ಪರೀಕ್ಷೆ ಮತ್ತು ‘ಬ್ರೈನ್ ಮ್ಯಾಪಿಂಗ್’ಗಳಿಗೆ ಹೆಸರಾಗಿತ್ತು. ಬ್ರೈನ್ ಮ್ಯಾಪಿಂಗ್‌ನಲ್ಲಿ ನೆತ್ತಿಯ ಮೇಲೆ ವಿದ್ಯುದಗ್ರಗಳನ್ನಿಟ್ಟು, ಅಪರಾಧಕ್ಕೆ ಸಂಬಂಧಿಸಿದ ಮಾತು ಕೇಳಿಸಿ ಅಥವಾ ಚಿತ್ರ ತೋರಿಸಿ, ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುತ್ತಾರೆ. ಇದರ ಒಂದು ಬಗೆಯನ್ನು ರೂಪಿಸಿದವರು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದ್ದ ಮನಶ್ಶಾಸ್ತ್ರಜ್ಞ ಸಿ.ಆರ್. ಮುಕುಂದನ್. 2008ರಲ್ಲಿ ಪುಣೆಯ ನ್ಯಾಯಾಲಯವೊಂದು ಕೊಲೆ ಪ್ರಕರಣದಲ್ಲಿ ಇಂಥ ಪರೀಕ್ಷೆಯ ಫಲಿತಾಂಶವನ್ನೂ ಸಾಕ್ಷ್ಯಗಳಲ್ಲಿ ಒಂದಾಗಿ ಪರಿಗಣಿಸಿ ಶಿಕ್ಷೆ ವಿಧಿಸಿತು. ಅದೇ ವರ್ಷ ನಿಮ್ಹಾನ್ಸ್ ನಿರ್ದೇಶಕರಾಗಿದ್ದ ಡಿ. ನಾಗರಾಜ ಅವರ ನೇತೃತ್ವದ ತಜ್ಞರ ಸಮಿತಿ ಈ ಪರೀಕ್ಷೆ ಅವೈಜ್ಞಾನಿಕವೆಂದು ವರದಿ ಕೊಟ್ಟಿತು. ಮೈಕ್ರೋವೋಲ್ಟ್‌ಗಳಲ್ಲಿ ಅಳೆದ ವಿದ್ಯುತ್ ಸಂಕೇತ ನಿಜವೇ. ಆದರೆ ಅದರಿಂದ ‘ಇವನು ಆ ಕೃತ್ಯವನ್ನು ಮಾಡಿದ ಅನುಭವವುಳ್ಳವನು’ ಎಂಬ ತೀರ್ಮಾನಕ್ಕೆ ಹಾರುವುದಕ್ಕೆ ಸಾಕಷ್ಟು ಆಧಾರವಿರಲಿಲ್ಲ. 2010ರ ಮೇ 5ರಂದು ‘ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ’ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಮಂಪರು ಪರೀಕ್ಷೆ, ಸುಳ್ಳುಪತ್ತೆ, ಬ್ರೈನ್ ಮ್ಯಾಪಿಂಗ್ ಇವುಗಳನ್ನು ಯಾರ ಮೇಲೂ ಬಲವಂತವಾಗಿ ನಡೆಸಕೂಡದೆಂದು ತೀರ್ಪಿತ್ತಿತು. ಸಿಬಿಲ್ ಬಗ್ಗೆ ಚರ್ಚಿಸುವ ನಮ್ಮ ವಿದ್ಯಾರ್ಥಿಗಳಿಗೆ ಕರ್ನಾಟಕದ ಹೆಸರು ಹೊತ್ತ ಈ ತೀರ್ಪು ಗೊತ್ತಿರಬೇಕು.

‘ಯಂತ್ರ ಮುಂದೆ ಸುಧಾರಿಸಿದರೆ?’ ಎಂದು ನೀವು ಕೇಳಬಹುದು. ಒಂದು ಲೆಕ್ಕ ಮಾಡೋಣ. 2011ರ ಜನಗಣತಿಯಂತೆ ಕೊಪ್ಪಳ ಜಿಲ್ಲೆಯ ಜನಸಂಖ್ಯೆ ಸುಮಾರು 14 ಲಕ್ಷ. ಸಾವಿರಕ್ಕೆ ಒಬ್ಬರು ಮುಂದೆ ಗಂಭೀರ ಅಪರಾಧ ಮಾಡುವವರೆಂದು ಊಹಿಸಿಕೊಳ್ಳಿ. ಅಂದರೆ 1,400 ಮಂದಿ. ಯಂತ್ರ ಶೇಕಡಾ 99ರಷ್ಟು ನಿಖರವೆಂದುಕೊಳ್ಳೋಣ. ಅದು ಆ 1,400ರಲ್ಲಿ 1,386 ಮಂದಿಯನ್ನು ಹಿಡಿಯುತ್ತದೆ. ಉಳಿದ 13,98,600 ನಿರಪರಾಧಿಗಳಲ್ಲಿ ಶೇಕಡಾ 1, ಅಂದರೆ 13,986 ಮಂದಿಯನ್ನೂ ಹಿಡಿಯುತ್ತದೆ. ಸಿಕ್ಕಿಬಿದ್ದ ಒಟ್ಟು 15,372 ಮಂದಿಯಲ್ಲಿ ನಿಜವಾದವರು ನೂರಕ್ಕೆ 9 ಮಾತ್ರ! ಇದು ಯಂತ್ರದ ರಿಪೇರಿಯಿಂದ ಹೋಗುವ ದೋಷವಲ್ಲ. ಅಪರೂಪದ ಸಂಗತಿಯನ್ನು ಎಲ್ಲರಲ್ಲೂ ಹುಡುಕಲು ಹೊರಟರೆ, ಸಣ್ಣ ದೋಷವೂ ಸಾವಿರಾರು ನಿರಪರಾಧಿಗಳನ್ನು ಸಿಕ್ಕಿಸುತ್ತದೆ.

ಇನ್ನು ಧಾರಾವಾಹಿಯ ಬಗ್ಗೆ ನನ್ನದೇ ಆಕ್ಷೇಪವೊಂದಿದೆ. (ನೋಡದವರು ಈ ಪ್ಯಾರಾ ಬಿಡಬಹುದು.) ಸಿಬಿಲ್‌ನ ಗುಟ್ಟು ಕೊನೆಗೆ ಹೊರಬೀಳುತ್ತದೆ: ಅದು ಕಂಪ್ಯೂಟರಲ್ಲ, ಜೋಡಿಸಿಟ್ಟ ಮಾನವ ಮಿದುಳುಗಳು, ಅವುಗಳಲ್ಲಿ ಯಂತ್ರಕ್ಕೆ ಸಿಗದ ಅಪರಾಧಿಗಳ ಮಿದುಳುಗಳೂ ಇವೆ. ನೋಡುಗರು ಈ ತಿರುವನ್ನು ಬಹಳ ಮೆಚ್ಚುತ್ತಾರೆ. ನನಗೆ ಅಲ್ಲೇ ಕಥೆ ಸಡಿಲವಾಯಿತೆನ್ನಿಸಿತು. ‘ಹೇಗೆ ಅಳೆಯುತ್ತೀರಿ?’ ಎಂಬ ಪ್ರಶ್ನೆಯ ಜಾಗದಲ್ಲಿ ‘ಒಳಗೆ ಯಾರಿದ್ದಾರೆ?’ ಎಂಬ ಪ್ರಶ್ನೆ ಬಂದು ಕುಳಿತಿತು. ಒಳಗೆ ಸಜ್ಜನರ ಮಿದುಳುಗಳೇ ಇದ್ದರೂ ಆ ಸಂಖ್ಯೆ ಅಳತೆಯಾಗುತ್ತಿರಲಿಲ್ಲ. 2014ರ ಎರಡನೆಯ ಸರಣಿಯನ್ನು ಹೆಚ್ಚಿನವರು ಕಳಪೆ ಎನ್ನುತ್ತಾರೆ. ಪಾತ್ರಗಳ ಮಟ್ಟಿಗೆ ನಾನೂ ಒಪ್ಪುತ್ತೇನೆ. ಆದರೂ ‘ಅಳೆಯುವ ವ್ಯವಸ್ಥೆ ತನ್ನನ್ನು ತಾನೇ ಅಳೆದುಕೊಳ್ಳಬಲ್ಲದೇ?’ ಎಂದು ನೇರವಾಗಿ ಕೇಳಿದ್ದು ಆ ಸರಣಿಯೇ. ತಕ್ಕಡಿಯನ್ನೂ ತೂಕದ ಕಲ್ಲಿನಿಂದ ಪರೀಕ್ಷಿಸಬೇಕೆಂಬ ಪ್ರಯೋಗಾಲಯದ ಮೊದಲ ಪಾಠ ಅದು.

ಅಧ್ಯಾಪಕ ಮಿತ್ರರೇ, ನಿಮ್ಮ ವಿದ್ಯಾರ್ಥಿಗಳು ಇಂಥ ಧಾರಾವಾಹಿ ನೋಡುತ್ತಿದ್ದರೆ ಗದರಬೇಡಿ. ಘರ್ಷಣ ಗುಣಾಂಕದ ಪ್ರಯೋಗ ಮುಗಿದ ದಿನ ಐದು ನಿಮಿಷ ಉಳಿಸಿಕೊಂಡು, ಅಪರಾಧ ಗುಣಾಂಕವನ್ನು ಅಳೆಯಲು ಪ್ರಯೋಗವೊಂದನ್ನು ರೂಪಿಸಿ ಎಂದು ಹೇಳಿ. ಬೇಕಾದ ಉಪಕರಣಗಳು, ವಿಧಾನ, ದೋಷದ ಅಂದಾಜು ಎಲ್ಲವನ್ನೂ ದಾಖಲೆ ಪುಸ್ತಕದಲ್ಲಿ ಬರೆಯಲಿ. ‘ಸಿಬಿಲ್ ಇದ್ದರೆ ತಪ್ಪೇನು’ ಎಂದು ಕೇಳಿದ ವಿದ್ಯಾರ್ಥಿಗೆ ನಾನು ಇದನ್ನೇ ಕೊಟ್ಟೆ. ಎರಡು ದಿನ ಬಿಟ್ಟು ಬಂದು, ‘ವಿಧಾನದ ಕಾಲಂನಲ್ಲಿ ಏನು ಬರೆಯಬೇಕೋ ತಿಳಿಯುತ್ತಿಲ್ಲ ಸರ್’ ಎಂದ. ಅವನಿಗೆ ನಾನು ಪೂರ್ತಿ ಅಂಕ ಕೊಟ್ಟೆ.