ಮುಯ್ಯಿಯ ಪುಸ್ತಕ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಸೀಮೆಯ ಮದುವೆಗಳಲ್ಲಿ ‘ಮುಯ್ಯಿ’ ಇಂದಿಗೂ ಜೀವಂತ ಪದ್ಧತಿ. ನಂಬಿಕಸ್ಥ ನೆಂಟರೊಬ್ಬರು ನೋಟ್‌ಪುಸ್ತಕ ಹಿಡಿದು ಕುಳಿತು, ಯಾವ ಊರಿನ ಯಾರು ಎಷ್ಟು ಮುಯ್ಯಿ ಮಾಡಿದರೆಂದು ಬರೆದುಕೊಳ್ಳುತ್ತಾರೆ. ನಾಳೆ ಕೊಟ್ಟವರ ಮನೆಯಲ್ಲಿ ಮದುವೆಯಾದಾಗ ಪುಸ್ತಕ ತೆರೆದು, ಅಷ್ಟನ್ನೋ ಇನ್ನಷ್ಟು ಸೇರಿಸಿಯೋ ಹಿಂದಿರುಗಿಸುತ್ತಾರೆ. ನಗರದಲ್ಲಿ ಉದ್ಯೋಗದಲ್ಲಿರುವ ಯುವ ದಂಪತಿಗಳಲ್ಲಿ ಹಲವರಿಗೆ ಇದು ಮುಜುಗರದ ವಿಷಯ. ಮದುವೆಗೆ ಹಣ ಕೊಡುವುದು ಅಷ್ಟೊಂದು ತಪ್ಪೇ?

ಮೊದಲು ಮುಯ್ಯಿಗೆ ಸಲ್ಲಬೇಕಾದ ಗೌರವ ಸಲ್ಲಲಿ. ಆಲೂಗೆಡ್ಡೆ, ಹೊಗೆಸೊಪ್ಪು, ತೆಂಗನ್ನು ನಂಬಿದ ರೈತನ ಕೈಗೆ ಹಣ ಬರುವುದು ಫಸಲು ಮಾರಿದಾಗ. ಮದುವೆಯ ಖರ್ಚಾದರೋ ಒಮ್ಮೆಗೇ ಬಂದೆರಗುತ್ತದೆ. ಆಗ ನೂರು ಮನೆಗಳವರು ಸ್ವಲ್ಪಸ್ವಲ್ಪ ಕೊಟ್ಟರೆ ಬಡ್ಡಿ ಸಾಲದ ಹೊರೆ ಅಷ್ಟರಮಟ್ಟಿಗೆ ಇಳಿಯುತ್ತದೆ. ಮುಯ್ಯಿ ಪತ್ರವಿಲ್ಲದ, ಬಡ್ಡಿಯಿಲ್ಲದ ಕೈಸಾಲ. ಅದು ತನ್ನನ್ನು ದಾನವೆಂದು ಕರೆದುಕೊಂಡಿಲ್ಲ. ಕೊಡುವುದು, ಸ್ವೀಕರಿಸುವುದು, ಹಿಂದಿರುಗಿಸುವುದು ಈ ಮೂರೂ ಸಮಾಜದಲ್ಲಿ ಕರ್ತವ್ಯಗಳೇ ಆಗಿರುತ್ತವೆಂದು ಫ್ರಾನ್ಸಿನ ವಿದ್ವಾಂಸ ಮಾರ್ಸೆಲ್ ಮಾಸ್ 1925ರ ಪ್ರಬಂಧವೊಂದರಲ್ಲಿ ವಿವರಿಸಿದರು. ನಮ್ಮ ಹಿರಿಯರು ಅದನ್ನು ನಡೆಸಿಕೊಂಡೇ ಬಂದಿದ್ದರು.

ಆದರೆ ಕನ್ನಡದಲ್ಲಿ ‘ಮುಯ್ಯಿ ತೀರಿಸಿಕೊಳ್ಳುವುದು’ ಎಂದರೆ ಸೇಡು ತೀರಿಸಿಕೊಳ್ಳುವುದೂ ಹೌದು. ಕೊಟ್ಟಷ್ಟು ಬರಲಿಲ್ಲವೆಂದು ಮಾತು ಬಿಟ್ಟ ಅಣ್ಣತಮ್ಮಂದಿರಿದ್ದಾರೆ. ಅದಕ್ಕಿಂತ ದುಃಖಕರವಾದುದು, ಕೈಯಲ್ಲಿ ಹಣವಿಲ್ಲದ ಕಾರಣ ಮದುವೆಗೇ ಬಾರದೆ ಮನೆಯಲ್ಲುಳಿಯುವ ಬಡ ಚಿಕ್ಕಮ್ಮನ ಸ್ಥಿತಿ. ಆಕೆಯ ಗೈರುಹಾಜರಿ ಯಾವ ಪುಸ್ತಕದಲ್ಲಿಯೂ ದಾಖಲಾಗುವುದಿಲ್ಲ.

ಯುವ ದಂಪತಿಗಳ ತೊಡಕು ಬೇರೆ. ಮುಯ್ಯಿಯ ಹಣ ಸಾಮಾನ್ಯವಾಗಿ ಖರ್ಚು ಹೊತ್ತ ತಂದೆತಾಯಿಗಳ ಕೈ ಸೇರುತ್ತದೆ. ಋಣ ಮಾತ್ರ ಕಾಲಾನಂತರ ಮಕ್ಕಳ ಪಾಲಿಗೆ ಬರುತ್ತದೆ. ಪುಸ್ತಕದಲ್ಲಿರುವ ಹೆಸರುಗಳ ಮುಖಪರಿಚಯವೂ ಅವರಿಗಿರುವುದಿಲ್ಲ. 2016ರಲ್ಲಿ ಯುಪಿಐ ಬಂದ ಮೇಲೆ ಮದುವೆಗೆ ಹೋಗದೆಯೇ ಹಣ ಕಳುಹಿಸುವುದು ಸುಲಭವಾಗಿದೆ. ಲೆಕ್ಕ ತೀರುತ್ತದೆ, ಆದರೆ ನೆಂಟಸ್ತಿಕೆ ಬೆಳೆಯುವುದಿಲ್ಲ. ಹಾಗೆಂದು ನಾಲ್ಕು ಗೋಡೆ ಗಡಿಯಾರಗಳನ್ನು ಕೊಡುವುದು ಪರಿಹಾರವಲ್ಲ. ಬೆಂಗಳೂರಿನಲ್ಲಿ ಬಾಡಿಗೆ ಮನೆಗೆ ಮುಂಗಡ ಹೊಂದಿಸಬೇಕಾದವರಿಗೆ ಹಣವೇ ಹೆಚ್ಚು ಉಪಯುಕ್ತ.

ಬರೆದಿಡುವುದೂ ತಪ್ಪಲ್ಲ. 1961ರ ವರದಕ್ಷಿಣೆ ನಿಷೇಧ ಕಾಯಿದೆಯಡಿ 1985ರಲ್ಲಿ ಬಂದ ನಿಯಮಗಳ ಪ್ರಕಾರ, ವಧುವಿಗೆ ಬಂದ ಉಡುಗೊರೆಗಳ ಪಟ್ಟಿಯನ್ನು ವಧುವೇ ಇಟ್ಟುಕೊಳ್ಳಬೇಕು. ಅಲ್ಲಿ ಪಟ್ಟಿ ಇರುವುದು ಆಕೆಯ ರಕ್ಷಣೆಗಾಗಿ. ನಾವು ಯಾವ ಉದ್ದೇಶಕ್ಕಾಗಿ ಬರೆಯುತ್ತೇವೆ ಎಂಬುದೇ ಪ್ರಶ್ನೆ.

ಲೂಕನ ಶುಭಸಂದೇಶದ 14ನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ, ಪ್ರತಿಯಾಗಿ ಕರೆಯಬಲ್ಲವರನ್ನಲ್ಲ, ಏನನ್ನೂ ಹಿಂದಿರುಗಿಸಲಾರದವರನ್ನು ಔತಣಕ್ಕೆ ಕರೆಯುವಂತೆ ಬೋಧಿಸುತ್ತಾರೆ. ಮುಯ್ಯಿಯ ಪುಸ್ತಕಕ್ಕೆ ಇದಕ್ಕಿಂತ ಕಠಿಣವಾದ ವಿಮರ್ಶೆ ಇರಲಾರದು. ಆದ್ದರಿಂದ ಅನುಕೂಲಸ್ಥರು ತಮ್ಮ ಮನೆಯ ಮದುವೆಯಲ್ಲಿ ಪುಸ್ತಕವನ್ನು ತೆರೆಯದಿರಲಿ. ಹಳೆಯ ಋಣವನ್ನು ಮಾತ್ರ ತಪ್ಪದೆ ತೀರಿಸಲಿ. ಕಷ್ಟದಲ್ಲಿರುವ ಮನೆಗೆ ಕೊಡಬೇಕಾದುದನ್ನು ಮದುವೆಗೆ ಮುಂಚೆಯೇ, ಮೂರನೆಯವರಿಗೆ ತಿಳಿಯದಂತೆ ಕೊಡೋಣ. ಬರಿಗೈಯಲ್ಲಿ ಬರಲು ಅಂಜುವ ಚಿಕ್ಕಮ್ಮನ ಮನೆಗೆ ನಾವೇ ಹೋಗಿ ಕರೆದು ತರೋಣ. ಆಕೆ ನವದಂಪತಿಗಳ ತಲೆಯ ಮೇಲಿಡುವ ಅಕ್ಷತೆಗೆ ಲೆಕ್ಕದ ಅಗತ್ಯವಿಲ್ಲ.