ಒರಟು ಅಲಗಿನ ಬೆಲೆ

ಜಪಾನಿನ ಕಮ್ಮಾರರು ಕೈಯಿಂದ ಬಡಿದು ಮಾಡಿದುವೆಂಬ ಖ್ಯಾತಿಯೊಡನೆ ಇಂದು ನಾನಾ ದೇಶಗಳಲ್ಲಿ ಮಾರಾಟವಾಗುತ್ತಿರುವ ಅಡುಗೆಮನೆಯ ಚಾಕುಗಳಲ್ಲಿ ಒಂದು ವಿಶೇಷ ವರ್ಗವುಂಟು. ಅವುಗಳಲ್ಲಿ ಕೆಲವುದರ ಅಲಗಿನ ಮೇಲುಭಾಗವು ಕುಲುಮೆಯಿಂದ ಆಗತಾನೆ ತೆಗೆದಂತೆ ಕರ್ರಗಿರುತ್ತದೆ. ಕೆಲವುದರಲ್ಲಿ ಸುತ್ತಿಗೆಯ ಪೆಟ್ಟುಗಳು ಸಣ್ಣ ಸಣ್ಣ ಗುಳಿಗಳಾಗಿ ಉಳಿದಿರುತ್ತವೆ. ಮತ್ತೆ ಕೆಲವುದರಲ್ಲಿ ಮೈಯೆಲ್ಲ ಮರಸೇಬಿನ ಸಿಪ್ಪೆಯಂತೆ ತರಿತರಿಯಾಗಿರುತ್ತದೆ. ಜಪಾನೀಯರು ಈ ಮೂರನ್ನೂ ಕ್ರಮವಾಗಿ ಕುರೊಉಚಿ, ತ್ಸುಚಿಮೆ, ನಾಶಿಜಿ ಎಂದು ಕರೆಯುತ್ತಾರೆ. ಬಾಯಿಯ ಪಕ್ಕದ ಕಿರುಪಟ್ಟಿಯೊಂದೇ ಸಾಣೆ ಕಂಡು ಬೆಳ್ಳಗೆ ಹೊಳೆಯುವುದು. ಹೆಸರಾಂತ ಕಮ್ಮಾರನ ಮುದ್ರೆಯಿದ್ದರೆ ಇಂಥದೊಂದಕ್ಕೆ 30,000ದಿಂದ 40,000 ಯೆನ್ನುಗಳನ್ನೂ, ಕೆಲವೊಮ್ಮೆ ಅದಕ್ಕೆ ಮೇಲ್ಪಟ್ಟ ಹಣವನ್ನೂ ತೆರಬೇಕಾಗುವುದು. ಕಾರ್ಖಾನೆಯಲ್ಲಿ ತಯಾರಾದ ನುಣುಪಾದ ಚಾಕು ಅದರ ಹತ್ತರಲ್ಲೊಂದು ಪಾಲಿಗೂ ದೊರೆಯುವುದು. ಅರ್ಧಕ್ಕೆ ಬಿಟ್ಟಂತೆ ತೋರುವ ವಸ್ತುವಿಗೆ ಪೂರೈಸಿದ ವಸ್ತುವಿಗಿಂತ ಹೆಚ್ಚಿನ ಬೆಲೆ ಏಕೆ ಸಲ್ಲಬೇಕು, ಸಲ್ಲುವುದಾದರೆ ಯಾವ ಗುಣಕ್ಕಾಗಿ ಸಲ್ಲಬೇಕು ಎಂಬುದೇ ಇಲ್ಲಿ ವಿಚಾರಣೀಯವಾದ ವಿಷಯ.

ಮೊದಲು ಆ ಕರಿಯ ಬಣ್ಣದ ಜನ್ಮವೃತ್ತಾಂತವನ್ನು ನೋಡುವುದು ಲೇಸು. ಉಕ್ಕನ್ನು ಕೆಂಪಗೆ ಕಾಸಿ ಬಡಿಯುವಾಗ ಅದರ ಮೈ ಗಾಳಿಯ ಆಮ್ಲಜನಕದೊಡನೆ ಕೂಡಿ ಕಪ್ಪು ಕಿಟ್ಟದ ಪದರವೊಂದು ಹುಟ್ಟುತ್ತದೆ. ಇದನ್ನು ಸಾಣೆಯಿಂದ ತೆಗೆಯಬಹುದು, ತೆಗೆಯದೆ ಬಿಡಲೂಬಹುದು. ತೆಗೆಯುವುದಕ್ಕೆ ಕಾಲವೂ ಕೂಲಿಯೂ ವ್ಯಯವಾಗುವುದರಿಂದ, ಬಡವನಿಗೆಂದು ಮಾಡಿದ ಹತಾರುಗಳಲ್ಲಿ ಅದನ್ನು ಬಿಡುವುದೇ ರೂಢಿ. ಶಿಕೊಕು ದ್ವೀಪದ ತೋಸಾ ಪ್ರದೇಶವು, ಎಂದರೆ ಇಂದಿನ ಕೋಚಿ ಪ್ರಾಂತ್ಯವು, ಕಾಡುಕೆಲಸದ ಕೊಡಲಿ ಕತ್ತಿಗಳಿಗೆ ಹೆಸರಾದ ನಾಡು. ಅಲ್ಲಿಯ ಕಮ್ಮಾರರು ಮಾಡುವ ಕರಿಮೈಯ ಚಾಕುಗಳು ಇಂದಿಗೂ ಕೆಲವೇ ಸಾವಿರ ಯೆನ್ನುಗಳಿಗೆ ಸಿಕ್ಕುತ್ತವೆ. ನಮ್ಮ ಹಳ್ಳಿಯ ಕಮ್ಮಾರನ ಮಚ್ಚು ಕುಡುಗೋಲುಗಳ ಬೆನ್ನೂ ಹೀಗೆಯೇ ಕರ್ರಗಿರುತ್ತದೆ. ಅದಕ್ಕಾಗಿ ಸಂತೆಯಲ್ಲಿ ಯಾರೂ ಕಾಸು ಹೆಚ್ಚು ಕೊಟ್ಟುದಿಲ್ಲ. ಹೀಗೆ ಹುಟ್ಟಿನಲ್ಲಿ ಮಿತವ್ಯಯದ ಲಕ್ಷಣವಾಗಿದ್ದುದೇ ಪೇಟೆಯಲ್ಲಿ ಶ್ರೀಮಂತಿಕೆಯ ಲಕ್ಷಣವಾಗಿ ಪರಿಣಮಿಸಿರುವುದು ನಮ್ಮ ಪ್ರಶ್ನೆಯನ್ನು ಕುತೂಹಲಕರವಾಗಿ ಮಾಡುತ್ತದೆ.

ಈ ಪರಿಣಾಮಕ್ಕೆ ತಾತ್ತ್ವಿಕವಾದ ಆಧಾರವನ್ನು ಹುಡುಕುವವರು ಸಾಮಾನ್ಯವಾಗಿ ಆಂಗ್ಲ ಕಲಾವಿಮರ್ಶಕನಾದ ರಸ್ಕಿನ್ನನ ಬಳಿಗೆ ಹೋಗುವರು. 1853ರಲ್ಲಿ ಪ್ರಕಟವಾದ ‘ದಿ ಸ್ಟೋನ್ಸ್ ಆಫ್ ವೆನಿಸ್’ ಗ್ರಂಥದ ಎರಡನೆಯ ಸಂಪುಟದಲ್ಲಿ, ಗಾಥಿಕ್ ವಾಸ್ತುಶಿಲ್ಪದ ಸ್ವಭಾವವನ್ನು ವಿವರಿಸುತ್ತ, ಕುಶಲಕರ್ಮಿಯಿಂದ ದೋಷರಹಿತವಾದ ನಯವನ್ನೇ ಒತ್ತಾಯದಿಂದ ಬೇಡುವ ಸಮಾಜವು ಅವನನ್ನು ಯಂತ್ರವಾಗಿಸುವುದೆಂದೂ, ಒರಟುತನವು ಸ್ವತಂತ್ರವಾದ ಮನಸ್ಸೊಂದು ಅಲ್ಲಿ ದುಡಿದುದಕ್ಕೆ ಸಾಕ್ಷಿಯೆಂದೂ ಅವನು ಪ್ರತಿಪಾದಿಸಿದನು. ಉದಾತ್ತವಾದ ಈ ವಾದವನ್ನು ನಾಲ್ಕೂವರೆ ದಶಕಗಳ ತರುವಾಯ ಅಮೆರಿಕದ ಅರ್ಥಶಾಸ್ತ್ರಜ್ಞ ವೆಬ್ಲೆನ್ ತಲೆಕೆಳಗಾಗಿ ಹಿಡಿದು ನೋಡಿದನು. ವಿರಾಮವರ್ಗವನ್ನು ಕುರಿತ 1899ರ ತನ್ನ ಗ್ರಂಥದಲ್ಲಿ ಅವನು ಹತ್ತಿಪ್ಪತ್ತು ಡಾಲರಿನ ಕೈಗೆಲಸದ ಬೆಳ್ಳಿಯ ಚಮಚವನ್ನೂ ಹತ್ತಿಪ್ಪತ್ತು ಸೆಂಟಿನ ಅಲ್ಯೂಮಿನಿಯಮ್ ಚಮಚವನ್ನೂ ಅಕ್ಕಪಕ್ಕದಲ್ಲಿರಿಸಿ, ಉಣ್ಣುವ ಕಾರ್ಯಕ್ಕೆ ಮೊದಲನೆಯದು ಎರಡನೆಯದಕ್ಕಿಂತ ಮೇಲಲ್ಲದಿರಬಹುದೆಂದನು. ಕೈಗೆಲಸದ ಕೊರೆಗಳು ಪೂಜ್ಯವಾಗುವುದು ಅವು ವ್ಯಯದ ಗುರುತಾದುದರಿಂದಲೇ ಎಂದು ವಾದಿಸಿ, ರಸ್ಕಿನ್ನನನ್ನೂ ಕರಕುಶಲದ ಪಕ್ಷಪಾತಿಯಾದ ವಿಲಿಯಂ ಮಾರಿಸನನ್ನೂ ಅಪೂರ್ಣತೆಯ ಸ್ತುತಿಪಾಠಕರೆಂದು ಎಣಿಸಿದನು.

ಚಾಕುವಿನ ವಿಷಯದಲ್ಲಿ ಇವರಿಬ್ಬರಲ್ಲಿ ಯಾರ ಮಾತನ್ನು ಹಿಡಿಯಬೇಕು? ರಸ್ಕಿನ್ನನ ಅನುಯಾಯಿಗಳು ಅನೇಕ ವೇಳೆ ಮರೆಯುವ ಅಂಶವೊಂದುಂಟು: ಅವನು ನಯವನ್ನು ನಿಷೇಧಿಸಲಿಲ್ಲ, ನಯಕ್ಕಾಗಿ ನಯವನ್ನು ನಿಷೇಧಿಸಿದನು. ಪ್ರಯೋಜನಕ್ಕಾಗಿ ಬೇಕಾದ ನಿಷ್ಕೃಷ್ಟತೆಯನ್ನು ಕೇಳುವ ಹಕ್ಕು ನಮಗೆ ಉಂಟೆಂಬುದು ಅವನ ನಿಯಮದಲ್ಲಿಯೇ ಅಡಗಿದೆ. ಚಾಕು ಹೆಚ್ಚುವ ಸಾಧನ. ಆದುದರಿಂದ ಅದರ ಬೆನ್ನು ಎಷ್ಟೇ ಒರಟಾಗಿರಲಿ, ಬಾಯಿಯ ವಿಷಯದಲ್ಲಿ ಮಾತ್ರ ಯಾವ ಒರಟುತನವೂ ಕ್ಷಮಾರ್ಹವಲ್ಲ. ವೆಬ್ಲೆನ್ನನ ಮಾತೂ ಇಲ್ಲಿ ಪೂರ್ತಿ ಹೊಂದುವುದಿಲ್ಲ. ಚಮಚಕ್ಕೂ ಚಮಚಕ್ಕೂ ಉಣ್ಣುವುದರಲ್ಲಿ ಭೇದ ಅಲ್ಪ. ಚಾಕುವಿಗೂ ಚಾಕುವಿಗೂ ಹೆಚ್ಚುವುದರಲ್ಲಿ ಭೇದ ಅಲ್ಪವಲ್ಲ.

ಆ ಭೇದವು ಹುಟ್ಟುವುದು ಮೂರು ಕಾರಣಗಳಿಂದ: ಉಕ್ಕಿನ ಜಾತಿ, ಅದಕ್ಕೆ ಕೊಟ್ಟ ಹದ, ಅಲಗಿನ ಆಕೃತಿ. ಐರೋಪ್ಯ ಕಾರ್ಖಾನೆಗಳ ಚಾಕುಗಳು ಸಾಮಾನ್ಯವಾಗಿ ನೂರಕ್ಕೆ ಅರ್ಧದಷ್ಟು ಇಂಗಾಲವೂ 15ರಷ್ಟು ಕ್ರೋಮಿಯಮ್ಮೂ ಉಳ್ಳ ತುಕ್ಕುಹಿಡಿಯದ ಉಕ್ಕಿನವು. ರಾಕ್‌ವೆಲ್ ಮಾಪನದಲ್ಲಿ ಅವುಗಳ ಕಾಠಿನ್ಯ 56ರ ಆಸುಪಾಸು. ಶಿಮಾನೆ ಪ್ರಾಂತ್ಯದ ಯಾಸುಗಿಯಲ್ಲಿ ತಯಾರಾಗುವ, ‘ಬಿಳಿ ಕಾಗದ’ ‘ನೀಲಿ ಕಾಗದ’ವೆಂಬ ವಿಲಕ್ಷಣ ನಾಮಧೇಯಗಳುಳ್ಳ ಉಕ್ಕುಗಳಲ್ಲಿಯಾದರೋ ಇಂಗಾಲವು ನೂರಕ್ಕೆ ಒಂದನ್ನು ಮೀರಿರುತ್ತದೆ, ಚೆನ್ನಾಗಿ ಹದಗೊಳಿಸಿದರೆ ಅವು 60ನ್ನು ದಾಟಿ 64ರವರೆಗೂ ಏರಬಲ್ಲವು. ಇಷ್ಟು ಗಡುಸಾದ ಉಕ್ಕನ್ನು ಕಾಗದದಂತೆ ತೆಳುವಾಗಿ ಮಸೆದರೂ ಅದರ ಬಾಯಿ ಬಾಗುವುದಿಲ್ಲ. ಆದರೆ ನೀರಿಗದ್ದುವ ಮುನ್ನ ಕಾಸುವ ಶಾಖದಲ್ಲಿ ಸ್ವಲ್ಪ ಹೆಚ್ಚಾದರೆ ಕಣಗಳು ದಪ್ಪವಾಗಿ ಅಲಗು ಸುಲಭವಾಗಿ ಮುರಿಯುವಂತಾಗುವುದು, ಕಡಮೆಯಾದರೆ ಗಡುಸೇ ಬಾರದು. ಆಮೇಲೆ ಅಲಗನ್ನು ಬೆನ್ನಿನಿಂದ ಬಾಯಿಯವರೆಗೆ ಎಲ್ಲಿಯೂ ಏರುಪೇರಿಲ್ಲದಂತೆ ತೆಳುಗೊಳಿಸುವ ಸಾಣೆಯ ಕೆಲಸವಿದೆ. ಗಜ್ಜರಿಯನ್ನು ಒಂದು ಚಾಕು ಸೀಳಿ ಒಡೆಯುವುದಕ್ಕೂ ಮತ್ತೊಂದು ಸದ್ದಿಲ್ಲದೆ ಇಳಿಯುವುದಕ್ಕೂ ಮುಖ್ಯ ಕಾರಣ, ಬಾಯಿಯ ಹಿಂದಿನ ಈ ತೆಳುವೇ. ಕಮ್ಮಾರನ ವಿದ್ಯೆಯೆಲ್ಲ ನೆಲಸಿರುವುದು ಹೀಗೆ ಹದದಲ್ಲಿ ಮತ್ತು ಸಾಣೆಯಲ್ಲಿ. ಇವೆರಡಕ್ಕೂ ಮೇಲಣ ಕರಿಯ ಮೈಗೂ ಯಾವ ಕಾರ್ಯಕಾರಣ ಸಂಬಂಧವೂ ಇಲ್ಲ.

ಒರಟು ಮೈಗೆ ಪ್ರಯೋಜನವೇ ಇಲ್ಲವೆಂದು ಹೇಳಿದರೆ ಅನ್ಯಾಯವಾದೀತು. ಕರಿಯ ಪದರವು ತಾನಿರುವ ಭಾಗವನ್ನು ತುಕ್ಕಿನಿಂದ ಸ್ವಲ್ಪಮಟ್ಟಿಗೆ ಕಾಯುತ್ತದೆ. ಆದರೆ ತುಕ್ಕಿನ ಭಯ ಹೆಚ್ಚಾಗಿರುವ ಬಾಯಿಯ ಬಳಿ ಅದು ಇರುವುದಿಲ್ಲ. ಇರುವ ಕಡೆಯೂ ವರ್ಷಗಳ ಉಜ್ಜಾಟದಿಂದ ಕ್ರಮೇಣ ಸವೆದುಹೋಗುವುದು. ಸುತ್ತಿಗೆಯ ಗುಳಿಗಳಲ್ಲಿ ಗಾಳಿ ನಿಂತು ಆಲೂಗೆಡ್ಡೆಯ ಹೋಳುಗಳು ಅಲಗಿಗೆ ಅಂಟವೆಂದು ವರ್ತಕರು ಹೊಗಳುವರು. ಆದರೆ ಹೋಳು ಅಂಟುವುದು ಬಾಯಿಯ ಸಮೀಪದ ನುಣುಪು ಪಟ್ಟಿಗೆ. ಗುಳಿಗಳಿರುವುದು ಬಹುಮಟ್ಟಿಗೆ ಅದಕ್ಕಿಂತ ಮೇಲೆ. ಅಂಟದಂತೆ ತಡೆಯುವ ಶಕ್ತಿ ಅಲಗಿನ ಪಕ್ಕಗಳನ್ನು ನಸುಉಬ್ಬಾಗಿ ಮಸೆಯುವುದರಲ್ಲಿದೆ. ಅದು ಮತ್ತೆ ಸಾಣೆಯವನ ಕೈಚಳಕವೇ ಹೊರತು ಸುತ್ತಿಗೆಯ ಗುರುತಿನ ಮಹಿಮೆಯಲ್ಲ.

ಇನ್ನು ‘ಕೈಗೆಲಸ’ವೆಂಬ ವಿಶೇಷಣದ ವ್ಯಾಪ್ತಿಯನ್ನೂ ಪರೀಕ್ಷಿಸಬೇಕು. ಒಸಾಕಾದ ಪಕ್ಕದ ಸಾಕಾಯಿ ಪಟ್ಟಣವು ಬಾಣಸಿಗರ ಚಾಕುಗಳಿಗೆ ಪ್ರಸಿದ್ಧವಾದುದು. ಅಲ್ಲಿಯ ಕಸುಬನ್ನು ಜಪಾನ್ ಸರ್ಕಾರ 1982ರಲ್ಲಿ ಪಾರಂಪರಿಕ ಕಲೆಯೆಂದು ಮಾನ್ಯಮಾಡಿತು. ಆ ಪಟ್ಟಣದಲ್ಲಿ ಬಡಿಯುವವನು ಒಬ್ಬ, ಸಾಣೆ ಹಿಡಿಯುವವನು ಮತ್ತೊಬ್ಬ, ಹಿಡಿ ಜೋಡಿಸುವವನು ಮೂರನೆಯವನು; ಇವರೆಲ್ಲರ ಕೆಲಸವನ್ನು ಕೂಡಿಸಿ ಮಾರುವ ವರ್ತಕನ ಮುದ್ರೆಯೇ ಎಷ್ಟೋ ವೇಳೆ ಅಲಗಿನ ಮೇಲೆ ಬೀಳುವುದು. ಬಡಿಯುವುದಕ್ಕೆ ವಿದ್ಯುತ್ತಿನ ಸುತ್ತಿಗೆಯುಂಟು. ಮೆದು ಕಬ್ಬಿಣದ ನಡುವೆ ಗಡಸು ಉಕ್ಕನ್ನು ಬೆಸೆಯುವ ಶ್ರಮವನ್ನು ತಪ್ಪಿಸಿಕೊಂಡು, ಮೊದಲೇ ಬೆಸೆದ ಪಟ್ಟಿಯನ್ನು ಕಾರ್ಖಾನೆಯಿಂದ ಕೊಂಡು ತರುವವರೂ ಉಂಟು. ಇದು ಯಾವುದೂ ದೋಷವಲ್ಲ. ಆದರೆ ಒಂಟಿ ಕಮ್ಮಾರನೊಬ್ಬನು ಅದಿರಿನಿಂದ ಮೊದಲ್ಗೊಂಡು ಎಲ್ಲವನ್ನೂ ತನ್ನ ತೋಳಿನಿಂದಲೇ ಸಾಧಿಸಿದನೆಂಬ ಚಿತ್ರವನ್ನು ಕೊಳ್ಳುವವನ ಮನಸ್ಸಿನಲ್ಲಿ ಬರೆಯುವುದು ಆ ಒರಟು ಮೈಯೇ. ಹಾಗೆ ಬರೆದುಕೊಂಡ ಚಿತ್ರಕ್ಕೂ ಸೇರಿ ಅವನು ಹಣ ತೆರುತ್ತಾನೆ.

ಇದಕ್ಕಿಂತ ಗುರುತರವಾದ ಆಕ್ಷೇಪವೊಂದುಂಟು. ಬೇಡಿಕೆಯನ್ನು ಕಂಡ ಮೇಲೆ ಒರಟುತನವನ್ನು ಬೇಕೆಂದೇ ತಯಾರಿಸುವ ಪದ್ಧತಿ ಹುಟ್ಟಿತು. ಸುತ್ತಿಗೆಯನ್ನೇ ಕಾಣದ ತಗಡಿನ ಮೇಲೆ ಯಂತ್ರದಿಂದ ಗುಳಿಗಳನ್ನೊತ್ತುವರು. ಕುಲುಮೆಯ ಕರಿಯ ಸ್ಥಾನದಲ್ಲಿ ಕರಿಯ ಲೇಪವನ್ನು ಬಳಿಯುವರು. ಜಪಾನಿನ ಜಾನಪದ ಕರಕುಶಲ ಚಳುವಳಿಯ ಪ್ರವರ್ತಕನೂ 1936ರಲ್ಲಿ ಟೋಕಿಯೊದಲ್ಲಿ ಅದಕ್ಕೊಂದು ವಸ್ತುಸಂಗ್ರಹಾಲಯವನ್ನು ತೆರೆದವನೂ ಆದ ಯಾನಾಗಿ ಸೊಯೆತ್ಸು ಈ ವ್ಯಾಧಿಯ ನಿದಾನವನ್ನು ಮಣ್ಣಿನ ಬಟ್ಟಲುಗಳ ವಿಷಯದಲ್ಲಿ ಬಲು ಹಿಂದೆಯೇ ಹೇಳಿದ್ದನು. ಕ್ಯೋಟೊದ ದೈತೊಕು-ಜಿ ವಿಹಾರದಲ್ಲಿರುವ, ರಾಷ್ಟ್ರನಿಧಿಯೆನಿಸಿದ ಕಿಜಾಯೆಮೊನ್ ಎಂಬ ಚಹಾ ಬಟ್ಟಲು ಮೂಲತಃ ಕೊರಿಯದ ಅಜ್ಞಾತ ಕುಂಬಾರನೊಬ್ಬನು ಸಾಮಾನ್ಯರ ಉಪಯೋಗಕ್ಕೆಂದು ಸರಸರನೆ ತಿರುಗಿಸಿದ ಅಗ್ಗದ ವಸ್ತು. ಸೌಂದರ್ಯದ ಗೊಡವೆಯೇ ಇಲ್ಲದೆ ಮಾಡಿದುದರಿಂದ ಅದರ ವಕ್ರತೆಗಳು ಸುಂದರವಾದುವೆಂದೂ, ಅದನ್ನು ಮೆಚ್ಚಿದ ಮುಂದಿನವರು ಉದ್ದೇಶಪೂರ್ವಕವಾಗಿ ಸೊಟ್ಟಗೆ ಮಾಡಿದ ಬಟ್ಟಲುಗಳಲ್ಲಿ ಆ ಸಹಜತೆ ಸತ್ತುಹೋಯಿತೆಂದೂ ಯಾನಾಗಿಯ ಅಭಿಪ್ರಾಯ. ತೋಸಾದ ಅಗ್ಗದ ಕರಿಚಾಕುವಿಗೂ ಗುಳಿಯೊತ್ತಿದ ದುಬಾರಿ ಚಾಕುವಿಗೂ ಇರುವ ಅಂತರ ಇದೇ: ಒಂದರಲ್ಲಿ ಒರಟು ಬಿಟ್ಟದ್ದು, ಮತ್ತೊಂದರಲ್ಲಿ ಹಚ್ಚಿದ್ದು.

ಲೋಹದ ಮೇಲ್ಮೈ ಎಂದೂ ಸತ್ಯವನ್ನು ನುಡಿಯದೆಂದು ಇದರಿಂದ ತಿಳಿಯಬಾರದು. ದಕ್ಷಿಣ ಭಾರತದ ಮೂಸೆಯ ಉಕ್ಕು ಇದಕ್ಕೆ ಉತ್ತಮವಾದ ಪ್ರತಿದೃಷ್ಟಾಂತ. 1800–01ರಲ್ಲಿ ಮೈಸೂರು ಸೀಮೆಯನ್ನು ಸಂಚರಿಸಿದ ಈಸ್ಟ್ ಇಂಡಿಯಾ ಕಂಪೆನಿಯ ವೈದ್ಯ ಬುಕಾನನ್ ಇಲ್ಲಿಯ ಉಕ್ಕಿನ ತಯಾರಿಕೆಯನ್ನು ಕಣ್ಣಾರೆ ಕಂಡು ವರ್ಣಿಸಿದ್ದಾನೆ. ‘ವೂಟ್ಸ್’ ಎಂಬ ಹೆಸರಿನಿಂದ ವಿದೇಶಗಳಿಗೆ ಹೋದ ಈ ಬಗೆಯ ಉಕ್ಕನ್ನು ಲಂಡನ್ನಿನ ಚಾಕುಕಾರ ಸ್ಟೊಡಾರ್ಟನೂ ವಿಜ್ಞಾನಿ ಫ್ಯಾರಡೆಯೂ ಕೂಡಿ 1820ರ ಸುಮಾರಿನಲ್ಲಿ ಪರೀಕ್ಷಿಸಿದರು. ಅದರಿಂದಾದ ಖಡ್ಗಗಳ ಮೇಲೆ ಕಾಣುವ ನೀರಲೆಯಂತಹ ರೇಖೆಗಳು ಯಾರೂ ಬಿಡಿಸಿದ ಚಿತ್ತಾರವಲ್ಲ. ಉಕ್ಕಿನೊಳಗೆ ಸಾಲುಗಟ್ಟಿದ ಕಾರ್ಬೈಡ್ ಕಣಗಳೇ ಹೊರಗೆ ತೋರಿಕೊಂಡ ರೂಪ. ಅಲ್ಲಿ ಮೇಲ್ಮೈಯನ್ನು ನೋಡಿ ಅಂತರಂಗವನ್ನು ಊಹಿಸಬಹುದಾಗಿತ್ತು. ಕುರೊಉಚಿಯ ಕಪ್ಪು ಹಾಗೆ ಏನನ್ನೂ ಹೇಳಲಾರದು. ಹದ ಕೆಟ್ಟ ಅಲಗಿನ ಮೇಲೂ ಹದವರಿತ ಅಲಗಿನ ಮೇಲೂ ಅದು ಒಂದೇ ತೆರನಾಗಿ ಕುಳಿತಿರುತ್ತದೆ.

ಹೊರಗಿನ ಕುರುಹುಗಳನ್ನು ನಂಬದೆ ಅಲಗನ್ನೇ ಮಾತಾಡಿಸುವ ಕ್ರಮವೂ ಲೋಕದಲ್ಲಿದೆ. 1976ರಲ್ಲಿ ಸ್ಥಾಪಿತವಾದ ಅಮೆರಿಕದ ಬ್ಲೇಡ್‌ಸ್ಮಿತ್ ಸಂಘದಲ್ಲಿ ಪದವಿಯನ್ನು ಬಯಸುವ ಕಮ್ಮಾರನು ತಾನು ಮಾಡಿದ ಚಾಕುವಿನಿಂದ ತೂಗಾಡುವ ಒಂದಂಗುಲದ ಹಗ್ಗವನ್ನು ಒಂದೇ ಏಟಿಗೆ ಕತ್ತರಿಸಿ, ಮರದ ತೊಲೆಯನ್ನು ಎರಡು ಸಲ ತುಂಡುಮಾಡಿ, ಆ ಬಳಿಕವೂ ಅದೇ ಬಾಯಿಯಿಂದ ಕೈಯ ರೋಮವನ್ನು ಬೋಳಿಸಿ, ಕೊನೆಗೆ ಅಲಗನ್ನು ಮುರಿಯದಂತೆ 90 ಡಿಗ್ರಿ ಬಾಗಿಸಿ ತೋರಿಸಬೇಕು. ಅಷ್ಟಾದ ಮೇಲೆ ಬೇರೆ ಐದು ಚಾಕುಗಳ ನಯಗಾರಿಕೆಯನ್ನು ಪ್ರತ್ಯೇಕವಾಗಿ ಪರೀಕ್ಷಿಸುವರು. ಶಕ್ತಿಗೂ ಅಂದಕ್ಕೂ ಬೇರೆಬೇರೆ ಅಂಕ ಹಾಕುವ ಈ ವಿವೇಕ ಕೊಳ್ಳುವವನಿಗೂ ಅನುಕರಣೀಯವಾದುದು.

ಹಾಗಾದರೆ ಹೆಚ್ಚಿನ ಬೆಲೆಗೆ ನ್ಯಾಯವೇ ಇಲ್ಲವೆ? ಉಂಟು, ಒಂದು ಮೇರೆಯವರೆಗೆ. ಗಡಸು ಉಕ್ಕಿಗೆ ತಪ್ಪದ ಹದ ಕೊಟ್ಟು, ತೆಳುವಾಗಿಯೂ ನೇರವಾಗಿಯೂ ಮಸೆದ ಅಲಗಿಗೆ ಕಾರ್ಖಾನೆಯ ಸಾಧಾರಣ ಚಾಕುವಿನ ಮೂರು ನಾಲ್ಕು ಪಾಲು ಹಣ ಕೊಟ್ಟರೂ ಅದು ದುಂದಲ್ಲ. ಅಂತಹ ಅಲಗು ಬೇಗ ಮೊಂಡಾಗುವುದಿಲ್ಲ, ಮಸೆದಾಗ ಸುಲಭವಾಗಿ ಹರಿತವಾಗುವುದು, ದಶಕಗಳ ಕಾಲ ಬಾಳುವುದು. ವರ್ಷಗಟ್ಟಲೆ ಕಲಿತ ಕೈಗೆ ತಕ್ಕ ಕೂಲಿ ಸಲ್ಲಬೇಕೆಂಬುದೂ ಧರ್ಮವೇ. ಆ ಮೇರೆಯ ಆಚೆ ತೆರುವ ಹಣವೆಲ್ಲ ಹೆಸರಿಗೆ, ವಿರಳತೆಗೆ, ನೋಟದ ಸುಖಕ್ಕೆ ಸಲ್ಲುವುದು. ನೋಟದ ಸುಖವನ್ನು ಕೊಳ್ಳುವುದು ಪಾಪವಲ್ಲ. ಅದನ್ನು ಹರಿತವೆಂದು ತಿಳಿದು ಕೊಳ್ಳುವುದು ಅವಿವೇಕ. ನಮ್ಮವರು ಮತ್ತೊಂದನ್ನೂ ನೆನೆಯಬೇಕು: ಇಂಗಾಲದ ಉಕ್ಕು ಹುಣಿಸೆ ನಿಂಬೆಗಳ ಹುಳಿಗೆ ಕಲೆಗಟ್ಟುವುದು, ಒದ್ದೆಯಾಗಿ ಬಿಟ್ಟರೆ ತುಕ್ಕು ಹಿಡಿಯುವುದು, ತೆಂಗಿನಕಾಯಿಯ ಚಿಪ್ಪಿಗೋ ಮೂಳೆಗೋ ತಾಗಿದರೆ ಆ ತೆಳುವಾದ ಬಾಯಿ ಮುಕ್ಕಾಗುವುದು. ಒರೆಸಿಡುವ ಶಿಸ್ತೂ ಕಲ್ಲಿನ ಮೇಲೆ ಮಸೆಯುವ ಅಭ್ಯಾಸವೂ ಇಲ್ಲದ ಮನೆಯಲ್ಲಿ ಅತ್ಯುತ್ತಮವಾದ ಚಾಕು ಕೂಡ ಕೆಲವೇ ತಿಂಗಳಲ್ಲಿ ಅಗ್ಗದ ಚಾಕುವಿಗಿಂತ ಕೀಳಾಗುವುದು.

ಆದಕಾರಣ ನನ್ನ ತೀರ್ಪು ಇಷ್ಟು: ಒರಟು ಮೈ ಬೆಲೆಯನ್ನು ತಗ್ಗಿಸಿದಾಗ ಅದು ಗುಣ, ಏರಿಸಿದಾಗ ಅದು ಬರಿಯ ಅಲಂಕಾರ. ಕೊಳ್ಳಹೊರಟವನು ಅಲಗಿನ ಮೈಯನ್ನು ನೋಡಿ ಬೆರಗಾಗುವ ಮುನ್ನ, ಅದನ್ನು ಬೆಳಕಿಗೆ ಹಿಡಿದು ಬೆನ್ನಿನಿಂದ ಬಾಯಿಯವರೆಗೆ ಹೇಗೆ ತೆಳುವಾಗಿದೆಯೆಂದು ಪರೀಕ್ಷಿಸಲಿ. ಸಾಧ್ಯವಾದರೆ ಒಂದು ಈರುಳ್ಳಿಯನ್ನೂ ಒಂದು ಗಜ್ಜರಿಯನ್ನೂ ಹೆಚ್ಚಿ ನೋಡಲಿ. ಆಮೇಲೆ ಹಣದ ಚೀಲವನ್ನು ಬಿಚ್ಚಲಿ.